ತೆರೆದ ದಾರಿಯಲ್ಲಿ ಹೇಳಲಾಗದ ಮಾತು

ನಮ್ಮ ಬೀದಿಯಲ್ಲಿ ಅವಳನ್ನು ಎಲ್ಲರೂ ಬೀಗದಕ್ಕ ಎನ್ನುತ್ತಾರೆ. ಹಾಗೆಂದು ಅವಳ ಅಂಗಡಿಯಲ್ಲಿ ಬೀಗ ಸಿಗುವುದಿಲ್ಲ. ಸಣ್ಣಪುಟ್ಟ ವ್ಯಾಪಾರಿಗಳ ವೆಬ್‌ಸೈಟ್ ನೋಡಿಕೊಳ್ಳುವುದು, ಅವು ಸುರಕ್ಷಿತವಾಗಿರುವಂತೆ ಮಾಡುವುದು ಅವಳ ಕೆಲಸ. ಪಕ್ಕದ ಜೆರಾಕ್ಸ್ ಅಂಗಡಿ ನನ್ನದು. ಗಿರಾಕಿ ಇಲ್ಲದಾಗ ಅವಳ ತಲೆ ತಿನ್ನುವುದು ನನ್ನ ಕೆಲಸ.

"ಬ್ರೌಸರ್ ಪುಟ ಕೇಳೋವಾಗಲೇ ಒಂದು ಮಾತು ಸೇರಿಸಿ ಕಳಿಸುತ್ತೆ ಕಣೋ," ಎಂದು ಒಮ್ಮೆ ಹೇಳಿದ್ದಳು. "ಬೀಗದ ದಾರಿ ಇದ್ರೆ ಅದರಲ್ಲೇ ಕೊಡು ಅಂತ. ಪುಟ ಇಟ್ಕೊಂಡಿರೋ ಸರ್ವರ್ ಹತ್ರ ಆ ದಾರಿ ಇದ್ರೆ, ಈ ಕಡೆ ಬಾ ಅನ್ನುತ್ತೆ. ಆಮೇಲೆ ಅವರಿಬ್ಬರ ಮಾತು ನಡುವೆ ಯಾರಿಗೂ ಅರ್ಥ ಆಗಲ್ಲ. ಇಲ್ದಿದ್ರೆ ತೆರೆದ ದಾರೀಲೇ ಕೊಡುತ್ತೆ. ಆಗ ಪುಟದ ಮೇಲ್ಗಡೆ 'ಸುರಕ್ಷಿತವಲ್ಲ' ಅಂತ ಬರುತ್ತೆ."

ದಿನಾ ಬೆಳಿಗ್ಗೆ, ಕಸ ಗುಡಿಸುವ ಮೊದಲೇ, ಅವಳು ತೆರೆಯುತ್ತಿದ್ದ ಪುಟದಲ್ಲಿ ಅದೇ ಎಚ್ಚರಿಕೆ ಇರುತ್ತಿತ್ತು. ಅದು ಅವಳ ತಂಗಿಯ ಕಸೂತಿ ವೆಬ್‌ಸೈಟು. ತಂಗಿ ನಂಬಿ ಹೇಳಿದ್ದ ಗುಟ್ಟೊಂದನ್ನು ಅಕ್ಕ ನೆಂಟರ ಮುಂದೆ ಆಡಿಬಿಟ್ಟಿದ್ದಳು. ತಂಗಿ ಮನೆ ಬದಲಿಸಿದಳು, ಫೋನ್ ನಂಬರೂ ಬದಲಿಸಿದಳು. ಉಳಿದದ್ದು ಆ ಪುಟ, ಅದರ ಕೆಳಗೆ 'ನನಗೆ ಬರೆಯಿರಿ' ಎಂಬ ಚೌಕ.

"ಬರಿಯಕ್ಕ," ಎಂದರೆ, "ತೆರೆದ ದಾರಿ ಕಣೋ. ಅವಳ ವಿಷಯ ಒಂದ್ಸಲ ನಾಲ್ಕು ಜನರ ಮುಂದೆ ಇಟ್ಟಿದ್ದು ಸಾಕು," ಎನ್ನುತ್ತಿದ್ದಳು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಬಾಯಿಗೆ ಬಂದ ಆ ಗಾದೆಯನ್ನು ನುಂಗಿಕೊಳ್ಳುತ್ತಿದ್ದೆ. ಅವಳು ಆ ಪುಟ ನೋಡುವ ರೀತಿ ಕಂಡರೆ ನನಗೂ ಸಂಕಟವಾಗುತ್ತಿತ್ತು.

ಮೊನ್ನೆ ಬೆಳಿಗ್ಗೆ ಗೋಡೆ ಬಡಿದು ಕರೆದಳು. ಎಚ್ಚರಿಕೆ ಮಾಯವಾಗಿತ್ತು.

"ತಂಗಿ ಬೀಗ ಹಾಕಿದ್ದಾಳೆ ನೋಡೋ!" ಎಂದವಳು, ಏನೇನೋ ತೆರೆದು ಪರೀಕ್ಷಿಸಿ ಸಪ್ಪಗಾದಳು. "ಅವಳಲ್ಲ. ಸರ್ವರ್ ಕಂಪನಿಯವರು ತಮ್ಮ ಎಲ್ಲ ಸೈಟಿಗೂ ಹಾಕಿದ್ದಾರೆ."

"ಯಾರು ಹಾಕಿದ್ರೇನಕ್ಕ? ಈಗೇನು ನೆಪ?"

ದುರುಗುಟ್ಟಿ ನೋಡಿದಳು. ಆಮೇಲೆ ಕೂತು ಉದ್ದಕ್ಕೆ ಬರೆದಳು, ಎಲ್ಲ ಅಳಿಸಿದಳು, ಮತ್ತೆ ಬರೆದಳು. ಕೊನೆಗೆ ಉಳಿದದ್ದು ಇಷ್ಟು: "ತಪ್ಪು ನಂದೇ. ನಿನ್ನ ನೋಡ್ಬೇಕು ಕಣೇ."

ಕಳಿಸಿದ ತಕ್ಷಣ ಪುಟದ ಮೇಲೆ ಉತ್ತರ ಮೂಡಿತು: "ನಿಮ್ಮ ಮಾತು ತಲುಪಿತು. ತಡವಾದರೂ ಬರೆದೇ ಬರೆಯುತ್ತೇನೆ."

ಯಾರು ಬರೆದರೂ ತಾನಾಗಿಯೇ ಬರಲಿ ಎಂದು ತಂಗಿ ಎಂದೋ ಹಾಕಿಟ್ಟ ಸಾಲು ಅದು. ಅದು ನನಗಿಂತ ಬೀಗದಕ್ಕನಿಗೇ ಚೆನ್ನಾಗಿ ಗೊತ್ತು. ಆದರೂ ಪುಟ ಮುಚ್ಚಲಿಲ್ಲ. ಬಾಗಿಲಲ್ಲಿ ಗಿರಾಕಿಯೊಬ್ಬ ಕೆಮ್ಮಿದ. ಅವಳು ತಿರುಗದೆ ಕೈ ಎತ್ತಿದಳು.

"ಸ್ವಲ್ಪ ತಾಳಿ, ತಂಗಿ ಹತ್ರ ಮಾತಾಡ್ತಾ ಇದೀನಿ."