ಶೃಂಗೇರಿಗೆ ಕೂತು ಹೋದ ರವಿಕೆ

ಮೊನ್ನೆ ಬೆಳಗಿನ ಜಾವ ಒಂದು ಕೆಟ್ಟ ಕನಸು ಬಿತ್ತು. ಅಂಗಡಿ ಮುಚ್ಚಿ ಮನೆಗೆ ಬಂದರೆ ಒಳಗೆಲ್ಲ ಯಾರೋ ಸೀಟು ಹಿಡಿದಿದ್ದಾರೆ. ಮಂಚದ ಮೇಲೆ ಟವೆಲ್, ಒಲೆ ಮುಂದಿನ ಮಣೆಯ ಮೇಲೆ ಛತ್ರಿ, ನನ್ನ ಹೊಲಿಗೆ ಮಿಷಿನ್ನಿನ ಸ್ಟೂಲಿನ ಮೇಲೆ ಯಾರದೋ ಕಾಲೇಜ್ ಬ್ಯಾಗು.

ಬಚ್ಚಲಿಗಾದರೂ ಹೋಗೋಣ ಅಂದರೆ ಅಲ್ಲೂ ಬಕೆಟ್ಟಿನ ಮೇಲೆ ಒಂದು ಕರ್ಚೀಫು...

ಎದ್ದು ನಮ್ಮವರಿಗೆ ಹೇಳಿದೆ. "ಕೊಪ್ಪದಲ್ಲಿ ಜನ ಜಾಸ್ತಿ ಆತು ಅಂತ ದಿನಾ ಗೊಣಗ್ತೀಯಲ, ಅದೇ ಬಂದಿದ್ದು. ಸುಮ್ನೆ ಮಲ್ಕ ಮಾರಾಯ್ತಿ," ಅಂದು ಆ ಕಡೆ ತಿರುಗಿದರು.

ಗೊಣಗದೆ ಏನು ಮಾಡಲಿ? ನಮ್ಮ ಓಣಿಯಲ್ಲಿ ಈಗ ಪ್ರತಿ ಮನೆಯ ಮೇಲೂ ಕಾಲೇಜು ಮಕ್ಕಳಿಗೆಂದು ಒಂದು ಮಹಡಿ ಎದ್ದಿದೆ. ನಮ್ಮ ಹಿಂದಿನ ಮನೆಯವರು ದನದ ಕೊಟ್ಟಿಗೆಗೂ ಟೈಲ್ಸ್ ಹಾಕಿ ರೂಮು ಮಾಡಿ ಬಾಡಿಗೆಗೆ ಕೊಟ್ಟಿದ್ದಾರೆ. ಯಾರು ಬಂದರು, ಯಾವ ಊರಿನವರು, ಒಂದೂ ತಿಳಿಯುವುದಿಲ್ಲ. ತಿಳಿಯದಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ.

ಆ ಮಕ್ಕಳ ಬಿಳಿ ಕೋಟು ಗಿಡ್ಡ ಮಾಡಿಕೊಟ್ಟೇ ನನ್ನ ಟೈಲರ್ ಅಂಗಡಿ ನಡೆಯುತ್ತಿರುವುದು. ಅದು ಬೇರೆ ವಿಷಯ ಬಿಡಿ.

ಕನಸು ಬಿದ್ದ ದಿನವೇ ನಾನು ಎನ್.ಆರ್.ಪುರಕ್ಕೆ ಹೋಗಬೇಕಿತ್ತು. ಚಿಕ್ಕಮ್ಮನ ಮಗಳು ಜಯಂತಿ ಅಲ್ಲಿದ್ದಾಳೆ, ಮರುದಿನ ಅವಳ ಮಗಳ ಮದುವೆ. ಧಾರೆಯ ರವಿಕೆ ಹೊಲಿದವಳು ನಾನು. ಸೀರೆಯ ಜೊತೆಗೇ ಬಂದ ಬಟ್ಟೆ ಅದು, ಕಳೆದುಹೋದರೆ ಜೋಡಿ ಇನ್ನೆಲ್ಲೂ ಸಿಗುವುದಿಲ್ಲ.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಓದಲು ಬರುತ್ತದೆ, ಆದರೆ ಬೋರ್ಡು ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೊರಟಿರುತ್ತದೆ. ಹಾಗಾಗಿ ಬಸ್ಸನ್ನು ನಾನು ನಿಲ್ಲುವ ಜಾಗ ನೋಡಿ ಗುರುತು ಹಿಡಿಯುತ್ತೇನೆ. ಹಣ್ಣಿನ ಅಂಗಡಿ ಶಂಕರಣ್ಣನ ಎದುರು ನಿಂತಿದ್ದರೆ ಎನ್.ಆರ್.ಪುರ. ನಾನು ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಇದು ತಪ್ಪಿಲ್ಲ.

ಸ್ಟ್ಯಾಂಡಿನ ತುಂಬ ಕಾಲೇಜು ಮಕ್ಕಳು. ಬಾಗಿಲಲ್ಲಿ ಹತ್ತುವ ಹಾಗೇ ಇಲ್ಲ. ಶಂಕರಣ್ಣನ ಎದುರಿದ್ದ ಬಸ್ಸಿನ ಕಿಟಕಿಯಿಂದ ರವಿಕೆಯ ಚೀಲ ಹಾಕಿ ಸೀಟು ಹಿಡಿದೆ. ಸೀಟು ಹಿಡಿದ ಮೇಲೆ ಇನ್ನೇನು ಚಿಂತೆ, ಮದುಮಗಳಿಗೆ ಹೂವು ತರೋಣ ಅಂತ ಹೋದೆ.

ಮಲ್ಲಿಗೆ ಹಿಡಿದು ಬರುವಷ್ಟರಲ್ಲಿ ಬಸ್ಸಿಲ್ಲ.

"ಶಂಕರಣ್ಣ, ಎನ್.ಆರ್.ಪುರದ ಬಸ್ಸು?"

"ಅಲ್ಲಿ ನಿಂತದ್ಯಲ, ಪೋಸ್ಟ್ ಡಬ್ಬಿ ಹತ್ರ. ಕಾಲೇಜ್ ರಶ್ಶಿಗೆ ಬಸ್ ಜಾಸ್ತಿ ಬಿಟ್ಟಾರೆ, ಜಾಗ ಎಲ್ಲ ಬದ್ಲಾಗಿದೆ. ಇಲ್ಲಿಂದ ಹೋಗಿದ್ದು ಶೃಂಗೇರಿದು. ಎಂತಕ್ಕೆ?"

ಎನ್.ಆರ್.ಪುರ ಒಂದು ದಿಕ್ಕು, ಶೃಂಗೇರಿ ಇನ್ನೊಂದು ದಿಕ್ಕು. ಆ ರಶ್ಶಿನಲ್ಲಿ ಯಾರಾದರೂ ಚೀಲದ ಮೇಲೇ ಕೂತರೆ ಮುತ್ತಿನ ಕೆಲಸವೆಲ್ಲ ಪುಡಿ. ಕಿಟಕಿಯಿಂದ ಆಚೆ ಎಸೆದರೆ? ಯಾರೋ ಎತ್ತಿಕೊಂಡು ಹೋದರೆ? ಬಂದವರೆಲ್ಲ ಹೊರಗಿನವರು, ಯಾರನ್ನು ಅಂತ ಕೇಳಲಿ...

ಅಷ್ಟರಲ್ಲಿ ಫೋನು. ಜಯಂತಿ.

"ರವಿಕೆ ಹೊರಟಿತೇನೇ?"

"ಹೊರಟಿದೆ," ಅಂದೆ. ಸುಳ್ಳೇನಲ್ಲ.

ಶಂಕರಣ್ಣ ಕೂರಲು ಸ್ಟೂಲು ಕೊಟ್ಟರು. ಶೃಂಗೇರಿ ದಾರಿಯ ಹರಿಹರಪುರದ ಕಾಣಿಕೆ ಡಬ್ಬಿಯಿಂದ ಹಿಡಿದು ಎಲ್ಲ ದೇವರಿಗೂ ಹರಕೆ ಹೊತ್ತು ಮುಗಿಸಿದ್ದೆ, ಗುರುತಿಲ್ಲದ ನಂಬರಿನಿಂದ ಫೋನ್ ಬಂತು.

"ಅಕ್ಕಾರ, ನಿಮ್ ಅಂಗಡಿ ಚೀಲ ಇಲ್ಲಿ ಬಸ್ಸಿನಾಗ ಐತ್ರಿ. ಚೀಲದ ಮ್ಯಾಲ ನಿಮ್ ನಂಬರ್ ಇತ್ತು, ಮಾಡಿದೆ."

ಉತ್ತರ ಕರ್ನಾಟಕದ ಕಡೆಯ ಹುಡುಗಿ. ಯಾರಾದರೂ ಅದರ ಮೇಲೆ ಕೂತಿದ್ದಾರಾ ಅಂತ ಮೊದಲು ಕೇಳಿದೆ.

"ಚೀಲ ಇಟ್ಟ ಸೀಟ್ ಅಲ್ರಿ, ಹೆಂಗ್ ಕುಂದ್ರೂದು? ನಾವೆಲ್ಲ ಬಾಜೂಕ ನಿಂತೀವಿ. ನಮ್ ಕಡೆ ಟಾವೆಲ್ ಒಗೀತೀವಿ, ಇಲ್ಲಿ ಚೀಲ. ಕಾನೂನ್ ಒಂದ ಐತಿ."

ಬಸ್ಸು ಕಿಕ್ಕಿರಿದಿತ್ತಂತೆ. ಒಬ್ಬರ ಕಾಲ ಮೇಲೆ ಇನ್ನೊಬ್ಬರ ಕಾಲು. ನನ್ನ ಚೀಲ ಮಾತ್ರ ಕಿಟಕಿ ಪಕ್ಕ ಕೂತು ಗಾಳಿ ಕುಡಿಯುತ್ತಾ ಹೊರಟಿತ್ತು. ಕಂಡಕ್ಟರು ಬಂದು ಇದರ ಟಿಕೆಟ್ ಯಾರು ತಗೊಳ್ತೀರಿ ಅಂದಾಗಲೇ ಇವರಿಗೆ ಅನುಮಾನ ಬಂದದ್ದು.

ಮದುವೆ ವಿಷಯ ಹೇಳಿದೆ. ಶೃಂಗೇರಿಯಿಂದ ಕೊಪ್ಪದ ಮೇಲೆ ಎನ್.ಆರ್.ಪುರಕ್ಕೆ ಹೋಗುವ ಬಸ್ಸಿಗೆ ಹಾಕುತ್ತೇನೆ, ನೀವು ಅಲ್ಲೇ ಹತ್ತಿ ಅಂದಳು.

ಯಾವ ಮನೆಯ ಹುಡುಗಿಯಮ್ಮ ನೀನು ಅಂತ ಕೇಳದೆ ಇರಲಾಗಲಿಲ್ಲ.

"ನಿಮ್ ಹಿಂದಿನ ಕೊಟ್ಟಿಗಿ ರೂಮಿನಾಕಿ ರೀ. ಶೃಂಗೇರಿಯಾಗ ರೂಮ್ ಸಿಗಲಿಲ್ಲ, ಕೊಪ್ಪದಿಂದ ಅಡ್ಡಾಡ್ತೀನಿ. ದಿನಾ ನೀವು ಅಂಗಳಾ ಹೊಡಿಯೂ ಮುಂದ ನಿಮ್ಮನ್ನ ನೋಡಿ ನಗ್ತೀನಿ. ನೀವ ಮಾತಾಡ್ಸಂಗಿಲ್ಲ."

ಕಣ್ಣು ಸರಿಯಾಗಿ ಕಾಣೋದಿಲ್ಲ ಮಗಾ ಅಂದುಬಿಟ್ಟೆ.

ಬಸ್ಸು ಬಂತು. ಈ ಸಲ ಬೋರ್ಡನ್ನು ಅಕ್ಷರ ಅಕ್ಷರ ಕೂಡಿಸಿ ಓದಿ, ಶಂಕರಣ್ಣನಿಂದಲೂ ಓದಿಸಿ ಹತ್ತಿದೆ. ಒಳಗೆ ಕಾಲಿಡಲು ಜಾಗವಿಲ್ಲ. ಕಿಟಕಿ ಪಕ್ಕದ ಸೀಟಿನಲ್ಲಿ ಮಾತ್ರ ನನ್ನ ಚೀಲ.

"ಚೀಲ ನಿಮ್ದಾ?" ಪಕ್ಕದಲ್ಲಿ ನಿಂತಿದ್ದ ಹೆಂಗಸು ಕೇಳಿದರು. "ಶೃಂಗೇರಿಯಿಂದ ನಾ ನಿಂತ್ಕಂಡ್ ಬಂದೆ, ಅದು ಕೂತ್ಕಂಡ್ ಬಂತು. ಮದುಮಗಳ ರವಿಕೆ ಅಂತ ಆ ಹುಡುಗಿ ಹೇಳಿ ಹೋದ್ಲು, ಹಂಗಾಗಿ ಬಿಟ್ಟೆ."

ಸೀಟು ಅವರಿಗೆ ಕೊಟ್ಟೆ. ಚೀಲ ಎದೆಗೊತ್ತಿಕೊಂಡು ಎನ್.ಆರ್.ಪುರದವರೆಗೆ ನಿಂತೇ ಹೋದೆ. ರವಿಕೆಯ ಒಂದು ಮುತ್ತೂ ಅಲುಗಿರಲಿಲ್ಲ. ನಿನ್ನೆ ಧಾರೆಯೂ ಚೆನ್ನಾಗಿ ಆಯಿತು.

ಈಗ ನಿಮ್ಮಿಂದ ಒಂದು ಉಪಕಾರ ಆಗಬೇಕು. ನಾಳೆ ಬೀಗರೂಟಕ್ಕೆ ಮತ್ತೆ ಎನ್.ಆರ್.ಪುರಕ್ಕೆ ಹೊರಟಿದ್ದೇನೆ, ಕೊಟ್ಟಿಗೆ ರೂಮಿನ ಹುಡುಗಿಯನ್ನೂ ಕರೆದಿದ್ದೇನೆ. ಬಸ್ಸು ನಿಲ್ಲುವುದು ಪೋಸ್ಟ್ ಡಬ್ಬಿ ಹತ್ತಿರ ಅಂತ ಶಂಕರಣ್ಣ, ಇಲ್ಲ ಮತ್ತೆ ಹಳೇ ಜಾಗಕ್ಕೇ ಬಂದಿದೆ ಅಂತ ನಮ್ಮವರು.

ಎರಡು ಸೀಟು ಹಿಡಿಯಬೇಕು, ಸ್ಟ್ಯಾಂಡಿನ ಕಡೆ ಇರುವವರು ಯಾರಾದರೂ ಇನ್ನೊಂದು ಸಲ ಬೋರ್ಡು ಓದಿ ನೋಡಿ ಹೇಳ್ತೀರಾ?