ಐದು ಗಂಟೆಯ ಕೂಗು

ಯುದ್ಧದ ಕಾಲದಲ್ಲಿ ನಾನು ಮಂಡ್ಯದ ಒಂದು ಮಿಲ್ಲಿನಲ್ಲಿ ಗುಮಾಸ್ತನಾಗಿದ್ದೆ. ಐದಕ್ಕೆ ಸೈರನ್ ಕೂಗಿದರೂ ಸಾಹೇಬರು ಏಳುವವರೆಗೆ ನಾವ್ಯಾರೂ ಕುರ್ಚಿ ಬಿಡುತ್ತಿರಲಿಲ್ಲ. ಹನಕೆರೆಯಿಂದ ಹೊಸದಾಗಿ ಬಂದು ಸೇರಿದ ರಾಜಣ್ಣ ಮಾತ್ರ ಮೊದಲ ದಿನವೇ ಕೂಗು ಕೇಳಿದ್ದೇ ತಡ, ಎದ್ದು ನಿಂತ.

“ಕೂತ್ಕೊಳ್ಳಯ್ಯ, ಸಾಹೇಬ್ರು ಇನ್ನೂ ಎದ್ದಿಲ್ಲ!” ಎಂದೆ.

“ಯಾಕಣ್ಣ, ಅವ್ರೂ ನನ್ ಜೊತೆ ಅನಕೆರೆಗೆ ಬತ್ತಾರಾ?”

ನಾನು ನಗು ನುಂಗುವಷ್ಟರಲ್ಲಿ ಅವನು ನೆಟ್ಟಗೆ ಸಾಹೇಬರ ಕೋಣೆಗೇ ನುಗ್ಗಿ, “ಕೂಗಾಯ್ತು ಸಾಮಿ, ಓಯ್ತೀನಿ” ಅಂದುಬಿಟ್ಟ. ಇವನ ಕೆಲಸ ಹೋಯಿತು ಅಂತಲೇ ನಾವೆಲ್ಲ ಅಂದುಕೊಂಡೆವು.

ಸಾಹೇಬರು ಕೋಟು ಎಳೆದುಕೊಂಡು ಅವನ ಹಿಂದೆಯೇ ಹೊರಬಂದರು. “ನೀವು ಏಳಲಿ ಅಂತ ಆರು ವರ್ಷದಿಂದ ಕಾಯ್ತಾ ಇದೀನಲ್ರಯ್ಯ!”

ಅವತ್ತು ಕುಣಿಯುತ್ತಾ, ಬಿಸಿಲಿರುವಾಗಲೇ ಮನೆ ಮುಟ್ಟಿದೆ. ಬಾಗಿಲಲ್ಲಿದ್ದ ನನ್ನ ಹೆಂಡತಿ ಎದೆ ಹಿಡಿದುಕೊಂಡಳು.

“ಅಯ್ಯೋ ಸಿವನೇ, ಕೆಲ್ಸದಿಂದ ತೆಗ್ದುಬುಟ್ರಾ?”