ಗ್ಲಾಸ್ಗೋದಲ್ಲಿ ಬೀಗಿತಿಯನ್ನು ಜರೆದ ಶನಿವಾರ

ನೈಟ್‌ಲೈಫ್ ಎನ್ನುವ ಮಾತನ್ನೇ ನಾನು ಒಪ್ಪುತ್ತಿರಲಿಲ್ಲ. ಜೂನ್ ತಿಂಗಳ ಗ್ಲಾಸ್ಗೋದಲ್ಲಿ ಹತ್ತು ಗಂಟೆಯಾದರೂ ಆಕಾಶದಲ್ಲಿ ಬೆಳಕಿರುತ್ತದೆ; ಇಲ್ಲದ ರಾತ್ರಿಗೆ ಜೀವನ ಎಲ್ಲಿಂದ ಬರಬೇಕು? ಹೀಗೆ ಎರಡು ವರ್ಷ ವಾದಿಸಿದೆ. ವಾದಿಸುತ್ತಲೇ ಪ್ರತಿ ಶನಿವಾರ ಸಂಜೆ ನಮ್ಮ ಬೀದಿಯ ಪಬ್ಬಿನ ನೆಲಮಾಳಿಗೆಗೂ ಹೋದೆ.

ಅಲ್ಲಿ ಕುಡಿತಕ್ಕಿಂತ ಬೈಗುಳ ಹೆಚ್ಚು. ಪುಟ್ಟ ವೇದಿಕೆಯ ಮೇಲೆ ಇಬ್ಬರು ಎದುರುಬದುರು ನಿಂತು ಸರದಿಯ ಪ್ರಕಾರ ಒಬ್ಬರನ್ನೊಬ್ಬರು ಆಡಿಕೊಳ್ಳಬೇಕು. ಜನ ಯಾರಿಗೆ ಜಾಸ್ತಿ ಗದ್ದಲ ಮಾಡುತ್ತಾರೋ ಅವರು ಗೆದ್ದಂತೆ. ಮಧುಗಿರಿಯ ಹೈಸ್ಕೂಲಿನಿಂದ ತುಮಕೂರಿನ ಕಾಲೇಜಿನವರೆಗೆ ಚರ್ಚಾಸ್ಪರ್ಧೆಯ ಬಹುಮಾನಗಳನ್ನು ಯಾರಿಗೂ ಬಿಟ್ಟುಕೊಡದ ನಾನು ಇಲ್ಲಿ ಹತ್ತಿದಾಗಲೆಲ್ಲ ಸೋತು ಇಳಿಯುತ್ತಿದ್ದೆ. ನಾನು ಆಧಾರ ಕೊಟ್ಟು ಬೈಯುತ್ತಿದ್ದೆ. ಜನ ಆಕಳಿಸುತ್ತಿದ್ದರು.

ಕಾನೂನು ಓದು ಮುಗಿದಿತ್ತು. ಸೋಮವಾರ ವಿಮಾನ ಹತ್ತಿದರೆ ಮುಂದೆ ಮಧುಗಿರಿಯ ಕೋರ್ಟು, ಕರಿ ಕೋಟು. ಆ ವೇದಿಕೆಯಲ್ಲಿ ಒಂದೇ ಒಂದು ಸಲವೂ ಗೆಲ್ಲದೆ ಊರಿಗೆ ಮುಖ ಮಾಡುವುದು ನನ್ನಿಂದಾಗದ ಮಾತು. ಉಳಿದಿದ್ದು ಒಂದು ಶನಿವಾರ.

ನನ್ನ ಜೊತೆ ಮನೆ ಹಂಚಿಕೊಂಡಿದ್ದವಳು ಪಾವಗಡದ ಹುಡುಗಿ. ನನಗಿಂತ ಚಿಕ್ಕವಳು, ರಸಾಯನಶಾಸ್ತ್ರ ಓದುವವಳು. ಶುಕ್ರವಾರ ಸಂಜೆ ಅನ್ನಕ್ಕಿಡುತ್ತಾ ನೇರವಾಗಿ ಅಂದಳು:

"ಅಕ್ಕಾ, ನೀನು ಅಲ್ಲಿ ಬೈಯಲ್ಲ. ನೋಟೀಸ್ ಕೊಡ್ತೀಯ."

"ಲೇ, ತರ್ಕ ಇಲ್ದೆ ಬೈಯೋದು ಹೆಂಗೇ?"

"ಹೆಂಗೇನು? ನಮ್ಮಕ್ಕನ್ನ ನಿಮ್ ಮಧುಗಿರಿ ಕಡೀಕೇ ಕೊಟ್ಟಿದ್ದಲ್ವಾ. ಮದ್ವೇಲಿ ನಿಮ್ಮೋರು ನಮ್ಮಮ್ಮನ್ನ ಹಾಡಲ್ಲೇ ಬೈದ್ರಲ್ಲ, ಅಂಗೆ ಬೈಯಿ. ಅಬ್ಬಬ್ಬಾ, ಏಂ ನೋರಮ್ಮಾ!" ಆ ಬಾಯಿಗಳನ್ನು ನೆನೆದಾಗ ಅವಳಿಗೆ ಕನ್ನಡ ಸಾಲದೆ ತೆಲುಗೇ ಬರುತ್ತಿತ್ತು.

ಅವಳು ಹೇಳಿದ್ದು ಬೀಗರನ್ನು ಜರೆಯುವ ಹಾಡು. ನಮ್ಮ ಕಡೆ ಮದುವೆಯಲ್ಲಿ ಬೀಗರು ಊಟಕ್ಕೆ ಕೂತಾಗ ಇತ್ತ ಕಡೆಯ ಹೆಂಗಸರು ಅವರನ್ನು ಹಾಡಿನಲ್ಲೇ ಹಂಗಿಸುತ್ತಾರೆ. ಎದುರಿಗಿರುವ ಮದುಮಗಳನ್ನು ಮುಟ್ಟುವಂತಿಲ್ಲ. ಅವಳ ತಾಯಿಯ ಅಡುಗೆ, ತಾಯಿಯ ಬಿಂಕ, ತಾಯಿಯ ನಡಿಗೆ, ಇವೇ ಗುರಿ. ಬೈಸಿಕೊಂಡವರು ಮುನಿಯಬಾರದು, ಹಾಡಿನಲ್ಲೇ ಉತ್ತರ ಕೊಡಬೇಕು. ತೋವಿನಕೆರೆಯ ನನ್ನಜ್ಜಿ ಇದರಲ್ಲಿ ಎತ್ತಿದ ಕೈ. ಕಾಲೇಜು ಸೇರಿದ ಹೊಸದರಲ್ಲಿ ನಾನು ಅವಳ ಜೊತೆ ಜಗಳ ತೆಗೆದಿದ್ದೆ.

"ಅಜ್ಜಿ, ಬರೀ ಹೆಂಗಸರನ್ನೇ ಯಾಕೆ ಆಡ್ಕೋತೀರ? ಗಂಡಸರು ಏನು ದೇವರಾ?"

"ನೀನೇ ಕಟ್ಕೊಡು ಕಣಮ್ಮ, ನಾನೇನು ಹಾಡಲ್ಲ ಅಂದ್ನಾ?"

ಕಟ್ಟಿಕೊಟ್ಟೆ. ದೊಡ್ಡೇರಿಯ ಮದುವೆಯೊಂದರಲ್ಲಿ ಹಾಡಿಯೇಬಿಟ್ಟಳು. ಗಂಡಸರು ತಲೆ ಎತ್ತದೆ ಎಲೆ ನೋಡಿಕೊಂಡು ಉಂಡರು. ಅಂದರೆ ಆ ಹಾಡು ನನಗೆ ಅಜ್ಜಿಯ ಕಾಲದ ನೆನಪಷ್ಟೇ ಆಗಿರಲಿಲ್ಲ. ವಾದ ಮಾಡಿ ತಿದ್ದಿಸಿದ ನನ್ನ ಪಾಲಿನ ಆಸ್ತಿ ಅದು.

ಶನಿವಾರ ನನ್ನ ಎದುರು ನಿಂತವಳು ಪ್ರತಿ ವಾರವೂ ಗೆಲ್ಲುವ ಗ್ಲಾಸ್ಗೋದ ಹುಡುಗಿ. ನರ್ಸಿಂಗ್ ಓದುತ್ತಿದ್ದಳು, ನನ್ನನ್ನು "ಪ್ರೊಫೆಸರ್" ಎಂದೇ ಕರೆಯುತ್ತಿದ್ದಳು. ಮೊದಲ ಸರದಿ ನನ್ನದು. ಪಾವಗಡದವಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ಸೋಮವಾರ ಊರಿಗೆ ವಾಪಸ್ ಹೊರಟಿದ್ದೇನೆ, ಇದೇ ಕೊನೆಯ ಸಲ, ನಾನು ಕನ್ನಡದಲ್ಲಿ ಹಾಡುತ್ತೇನೆ, ಇವಳು ಸಾಲುಸಾಲಾಗಿ ಇಂಗ್ಲಿಷಿನಲ್ಲಿ ಹೇಳುತ್ತಾಳೆ ಎಂದು ಪ್ರಕಟಿಸಿ ಶುರುಮಾಡಿದೆ:

ಸೊಂಟದ ಮ್ಯಾಲೆ ಕೈ ಇಟ್ಟ ಬೀಗಿತಿ ಮಗಳೇ
ನಿಮ್ಮನೆ ಸಾರ ನೋಡಿ ಎಮ್ಮೆ ಮಗ್ಗಲಾಯ್ತು
ನಿಮ್ಮವ್ವ ಸುಟ್ಟ ರೊಟ್ಟಿ ಗೋಡೆಗೆ ಇಟ್ಟಿಗೆಯಾಯ್ತು

ಎಮ್ಮೆಗೆ ಜನ ಬಿದ್ದು ಬಿದ್ದು ನಕ್ಕರು. ರೊಟ್ಟಿಯ ಸಾಲು ಇಂಗ್ಲಿಷಿಗೆ ಬಂದದ್ದೇ ತಡ, ನೆಲಮಾಳಿಗೆ ಗಪ್‌ಚಿಪ್ ಆಯಿತು. ಪಾವಗಡದವಳು ನನ್ನ ಕಿವಿಗೆ ಬಾಯಿಟ್ಟಳು.

"ಅಕ್ಕಾ, ಅವ್ಳ ತಾಯಿ ಮುಂದಿನ ಸಾಲಲ್ಲೇ ಕೂತವ್ರೆ ಕಣಕ್ಕ. ಇಲ್ಲಿ ತಾಯಿ ಸುದ್ದಿಗೆ ಯಾರೂ ಹೋಗಲ್ವಂತೆ!"

ನಮ್ಮಲ್ಲಿ ಎಲ್ಲರೂ ಗುರಿ ಇಡುವ ಜಾಗ ಅಲ್ಲಿ ಯಾರೂ ಮುಟ್ಟದ ಜಾಗ. ಎರಡು ವರ್ಷ ಅದೇ ಕೋಣೆಯಲ್ಲಿ ಕೂತಿದ್ದರೂ ಇದು ನನ್ನ ಗಮನಕ್ಕೆ ಬಂದಿರಲಿಲ್ಲ. ಮುಂದಿನ ಸಾಲಿನಲ್ಲಿ ದಪ್ಪನೆಯ ಹೆಂಗಸೊಬ್ಬರು ಎದ್ದರು. ಆ ಊರಿನ ಬಸ್ಸು ಓಡಿಸುವವರು ಎಂದು ಆಮೇಲೆ ತಿಳಿಯಿತು. ವೇದಿಕೆ ಹತ್ತಿ, ಮಗಳ ಕೈಯಿಂದ ಮೈಕು ಕಿತ್ತುಕೊಂಡು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನನ್ನ ಅಡುಗೆ ಹಾಗಿರಲಿ ಮಗಳೇ," ಎಂದರು. "ನಿಮ್ಮಮ್ಮ ನಿನ್ನನ್ನ ಇಷ್ಟು ದೂರ ಕಳಿಸಿದ್ದು ಓದಲಿ ಅಂತಲ್ಲ, ನಿನ್ನ ಬಾಯಿಂದ ತಪ್ಪಿಸಿಕೊಳ್ಳೋಕೆ. ವಾಪಸ್ ಬರ್ತೀಯ ಅಂತ ಗೊತ್ತಾಗಿ ಪಾಪ, ಮನೆ ಬಾಗಿಲಿನ ಬೀಗ ಬದಲಾಯಿಸ್ತಿದಾಳೆ!"

ಕೋಣೆ ಸಿಡಿಯಿತು. ನನಗೂ ನಗು ತಡೆಯಲಾಗಲಿಲ್ಲ. ಯಾರೂ ಹೇಳಿಕೊಡದೆ ಆಕೆ ಬೀಗಿತಿಯ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ್ದರು. ಮುನಿಯಲಿಲ್ಲ, ತಿರುಗಿಸಿ ಕೊಟ್ಟರು, ಅದೂ ನೇರ ನನ್ನ ತಾಯಿಯ ತಲೆಗೇ.

ಅಷ್ಟರಲ್ಲಿ ಸ್ಪರ್ಧೆ ನಡೆಸುವ ಯುವಕ ಮೇಲೆ ಬಂದ. ಸ್ಪರ್ಧಿ ಹೇಳಿದ್ದನ್ನು ಇನ್ನೊಬ್ಬರು ಅನುವಾದಿಸಬಹುದು, ಆದರೆ ಸ್ಪರ್ಧಿಯ ಬದಲು ಬೇರೆಯವರು ಉತ್ತರ ಕೊಟ್ಟರೆ ಆ ಸ್ಪರ್ಧಿ ಸೋತಂತೆ, ಇದು ಇಲ್ಲಿಯ ನಿಯಮ ಎಂದು ಹೇಳಿ ನನ್ನ ಕೈ ಹಿಡಿದು ಮೇಲೆತ್ತಿದ. ಎರಡು ವರ್ಷ ಬಯಸಿದ್ದು ಕೈಗೆ ಬಂದಿತ್ತು. ಸುಮ್ಮನಿದ್ದರೆ ಸಾಕಿತ್ತು.

ಸುಮ್ಮನಿರುವುದು ನನಗೆ ಬರುವುದಿಲ್ಲ. ಕೈ ಬಿಡಿಸಿಕೊಂಡು ಮೈಕು ಹಿಡಿದೆ.

"ಆಕೆಯನ್ನ ಈ ಜಗಳಕ್ಕೆ ಎಳೆದವಳು ನಾನು. ಆರೋಪ ಆಕೆಯ ಮೇಲೆ, ಉತ್ತರ ಮಾತ್ರ ಮಗಳೇ ಕೊಡಬೇಕು ಅನ್ನೋದು ಯಾವ ನ್ಯಾಯ? ಬೈಸಿಕೊಂಡವರ ಬಾಯಿ ಕಟ್ಟಿ ಗೆಲ್ಲೋದಾದ್ರೆ ನಾನು ಗೋಡೆಯನ್ನೇ ಬೈತಿದ್ದೆ. ನಮ್ಮೂರಲ್ಲಿ ಈ ಹಾಡಿಗೆ ಒಂದೇ ನಿಯಮ: ಉತ್ತರ ಬರಬೇಕು. ಬಂದಿದೆ. ಲೆಕ್ಕಕ್ಕೆ ತಗೊಳ್ಳಿ."

"ನೀನು ನಿನ್ನ ವಿರುದ್ಧವೇ ವಾದ ಮಾಡ್ತಿದೀಯ, ಗೊತ್ತಾ?" ಎಂದು ಆತ ಕೇಳಿದ.

"ಗೊತ್ತು."

ಆತ ತಲೆ ಕೆರೆದುಕೊಂಡು, ನಿಯಮ ಬದಿಗಿಟ್ಟು, ಜನರನ್ನೇ ಕೇಳಿದ. ನನಗೆ ಬಿದ್ದ ಗದ್ದಲ ಅದುವರೆಗೆ ನನಗೆಂದೂ ಸಿಗದಷ್ಟಿತ್ತು. ಆಕೆಗೆ ಅದಕ್ಕಿಂತ ಜೋರಾಗಿ ಸಿಕ್ಕಿತು. ಅದರಲ್ಲಿ ನನ್ನದೂ ಒಂದು ಸಿಳ್ಳೆ ಇತ್ತು.

ಹೊರಗೆ ಬಂದರೆ ಇನ್ನೂ ಬೆಳಕು. ಪಾವಗಡದವಳು ರೇಗಿ ದಾಪುಗಾಲು ಹಾಕುತ್ತಿದ್ದಳು.

"ಗೆದ್ದಿದ್ದನ್ನ ನೀನೇ ಕೈಯಾರೆ ಬುಟ್ಟಲ್ಲಕ್ಕ! ಯಾವ ಲಾಯರ್ ನೀನು? ನಿನ್ನತ್ರ ಕೇಸ್ ತಂದೋರ ಗತಿ ಏನು?"

"ಗೆದ್ದಿದ್ದು ನಾನಲ್ಲ ಕಣೇ, ಅವ್ರ ರೂಲು."

"ಸೋತೋರೆಲ್ಲ ಇಂಗೇ ಹೇಳೋದು."

ಈ ಮಾತಿಗೆ ನನ್ನಲ್ಲಿ ಉತ್ತರವಿದೆ, ಅವಳಿಗೆ ಹೇಳಿಯೂ ಹೇಳಿದೆ. ಸೋತವರು ಸೋತ ಮೇಲೆ ಸಮಾಧಾನ ಕಟ್ಟಿಕೊಳ್ಳುತ್ತಾರೆ. ನಾನು ಗೆದ್ದು ನಿಂತು, ಗೆಲುವನ್ನು ಕೈಯಲ್ಲಿ ಹಿಡಿದು, ಅದು ತಪ್ಪೆಂದು ಸಾಧಿಸಿ ತೋರಿಸಿದವಳು. ಆ ಊರಿನಲ್ಲಿ ನಾನು ಮಾಡಿದ ವಾದಗಳಲ್ಲಿ ಎಷ್ಟೋ ಬರೀ ಹಟದವು. ಇದೊಂದನ್ನು ಮಾತ್ರ ನಾಳೆ ಯಾವ ನ್ಯಾಯಾಧೀಶರ ಮುಂದೆ ಮತ್ತೆ ಮಾಡಬೇಕಾಗಿ ಬಂದರೂ ಒಂದಕ್ಷರ ಬದಲಾಯಿಸುವುದಿಲ್ಲ.